ವಿಸ್ತರಣಾ ದೇವಜ್ಞಾನಶಿಕ್ಷಣ

ಕ್ರೈಸ್ತ ಸಭೆಗಳ ಪಾಲನಾಸೇವೆಗೆ ಅಣಿಯಾಗುವವರನ್ನು ವಿದ್ಯಾಲಯಕ್ಕೆ ಕರೆತರುವುದಕ್ಕೆ ಬದಲಾಗಿ, ಅವರು ನೆಲೆಸಿರುವ ಊರಿನ ಸಮೀಪಕ್ಕೇ ಗುರುವನ್ನೂ ಗ್ರಂಥವನ್ನೂ ಕೊಂಡೊಯ್ಯುವ ಶಿಕ್ಷಣಪದ್ಧತಿಗೆ ಈ ಹೆಸರು. 1963ರಲ್ಲಿ ಮಧ್ಯ ಅಮೆರಿಕದ ಗ್ವಾಟೆಮಾಲದಲ್ಲಿ ಇದು ಖಚಿತವಾದ ರೂಪವನ್ನು ತಳೆಯಿತು.

ಅಂತಹ ವಿದ್ಯಾಲಯವನ್ನು ಸೂಚಿಸುವ ಸೆಮಿನರಿ ಎಂಬ ಮಾತಿನ ಮೂಲವಾದ ಲ್ಯಾಟಿನ್ ಪದಕ್ಕೆ ಸಸಿಮಡಿ ಎಂದರ್ಥ. ರೋಮನ್ ಕ್ಯಾಥೊಲಿಕರ ಟ್ರೆಂಟ್ ಮಹಾಸಭೆಯು 1563ರಲ್ಲಿ, ಯಾಜಕರಾಗತಕ್ಕ ಬಾಲಕರನ್ನು ಎಳೆಯ ವಯಸ್ಸಿನಲ್ಲಿಯೇ ಲೋಕಸಂಸರ್ಗದಿಂದ ದೂರವಿರಿಸಿ ಶಿಕ್ಷಣ ಕೊಡುವ ಇಂತಹ ಸಸಿಮಡಿಗಳನ್ನು ಪ್ರತಿಯೊಂದು ಧರ್ಮಪ್ರಾಂತದಲ್ಲಿಯೂ ಏರ್ಪಡಿಸಬೇಕೆಂದು ವಿಧಿಸಿತು. ಪ್ರಾಟೆಸ್ಟೆಂಟರು ಬಹುಕಾಲ ವಿಶ್ವವಿದ್ಯಾಲಯಗಳನ್ನೇ ನೆಚ್ಚಿಕೊಂಡಿದ್ದು, ಅಮೆರಿಕದಲ್ಲಿ ಆಂಡೋವರ್ (1807), ಪ್ರಿನ್ಸ್‌ಟನ್ (1812) ಮೊದಲಾದೆಡೆ ಪ್ರತ್ಯೇಕ ವಿದ್ಯಾಲಯಗಳನ್ನು ಕಟ್ಟಿದರು. ಆ ದೇಶದಲ್ಲಿಯೇ ಕುದುರೆಯ ಬೆನ್ನಿನ ಮೇಲೆ ಊರೂರು ತಿರುಗುತ್ತಿದ್ದ ಮೆಥಡಿಸ್ಟ್ ಬೋಧಕರಿಗಾದರೋ ವಿದ್ಯಾಲಯದಲ್ಲಿ ಕೂರುವ ವ್ಯವಧಾನವಿರಲಿಲ್ಲ. ಅವರ ಮಹಾಧಿವೇಶನವು 1816ರಲ್ಲಿ ಸೇವೆಯ ನಡುವೆಯೇ ಓದಿ ಮುಗಿಸಬೇಕಾದ ಪಾಠಕ್ರಮವೊಂದನ್ನು ಗೊತ್ತುಮಾಡಿತು. ಗ್ವಾಟೆಮಾಲದ ಪ್ರಯೋಗವನ್ನು ಸರ್ವಥಾ ನೂತನವೆಂದು ಕೊಂಡಾಡುವವರು ಈ ಪೂರ್ವಿಕರನ್ನು ಮರೆಯುವುದು ನ್ಯಾಯವಲ್ಲ.

ಮಿಶನ್ ಸಂಸ್ಥೆಗಳು ಹೋದಲ್ಲೆಲ್ಲ ಸಸಿಮಡಿಯ ಮಾದರಿಯೇ ಹೋಯಿತು. ಭಾರತದಲ್ಲಿ 1818ರ ಸೆರಾಂಪುರ ಕಾಲೇಜು, ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ ಮಿಶನ್ನಿನವರು ನಡೆಸಿದ ಸೆಮಿನರಿ, 1910ರಲ್ಲಿ ಬೆಂಗಳೂರಿನಲ್ಲಿ ಹಲವು ಸಭೆಗಳು ಕೂಡಿ ತೆರೆದ ಯುನೈಟೆಡ್ ಥಿಯೋಲಾಜಿಕಲ್ ಕಾಲೇಜು ಇವೆಲ್ಲವೂ ವಿದ್ಯಾರ್ಥಿನಿಲಯವನ್ನು ಆಶ್ರಯಿಸಿದ ಸಂಸ್ಥೆಗಳೇ. ಅವುಗಳಿಂದ ಪಾಂಡಿತ್ಯಕ್ಕೆ ಸಂದ ಉಪಕಾರವು ಸಣ್ಣದಲ್ಲ. ಆದರೆ ಹಳ್ಳಿಯ ಸಭೆಯನ್ನು ದಿನದಿನವೂ ನಡೆಸಿಕೊಂಡು ಬರುತ್ತಿದ್ದವನು ಹೆಚ್ಚಾಗಿ ಅಲ್ಲಿಯ ಪದವೀಧರನಲ್ಲ, ಅಲ್ಪವಿದ್ಯೆಯ ಉಪದೇಶಿ.

ಗ್ವಾಟೆಮಾಲದ ಪ್ರೆಸ್ಬಿಟೇರಿಯನ್ ಸೆಮಿನರಿಯಲ್ಲಿ ಈ ವೈಷಮ್ಯವು ಅಂಕಿಗಳಲ್ಲಿಯೇ ಬಯಲಾಯಿತು. ಕಾಲು ಶತಮಾನದ ಶ್ರಮದ ತರುವಾಯ ಲೆಕ್ಕ ಹಾಕಿದಾಗ, ಅಲ್ಲಿ ಕಲಿತು ಸಭಾಪಾಲಕರಾಗಿ ನಿಂತವರ ಸಂಖ್ಯೆ ಹತ್ತರ ಆಸುಪಾಸಿನಲ್ಲಿತ್ತು. ಪಾಲಕರಿಗಾಗಿ ಕಾದಿದ್ದ ಸಭೆಗಳಾದರೋ ಅದರ ಅನೇಕ ಪಾಲು. ರಾಜಧಾನಿಯಲ್ಲಿ ಓದಿದ ಯುವಕನಿಗೆ ಮರಳಿ ಹಳ್ಳಿಯ ಬಡತನ ಒಗ್ಗುತ್ತಿರಲಿಲ್ಲ. ಸಸಿಮಡಿಯಲ್ಲಿ ದಿನ ಮೀರಿದ ಅಗೆ ನಾಟಿಗೆ ಬಾರದೆಂಬುದು ನಮ್ಮ ರೈತನಿಗೂ ತಿಳಿದ ಸಂಗತಿ. 1962ರಲ್ಲಿ ವಿದ್ಯಾಲಯವನ್ನೇ ರಾಜಧಾನಿಯಿಂದ ಕಾಫಿತೋಟಗಳ ಸೀಮೆಯಾದ ಸಾನ್ ಫೆಲಿಪೆಗೆ ಸಾಗಿಸಿದರು. ಅಷ್ಟರಿಂದಲೂ ಕೆಲಸವಾಗಲಿಲ್ಲ, ಏಕೆಂದರೆ ಸಭೆಗಳ ನಿಜವಾದ ಮುಂದಾಳುಗಳು ಹೆಂಡಿರು ಮಕ್ಕಳು, ಹೊಲ, ಅಂಗಡಿಗಳ ಭಾರ ಹೊತ್ತ ನಡುವಯಸ್ಸಿನವರು, ಅವರು ಮೂರು ವರ್ಷ ಮನೆ ಬಿಟ್ಟು ಎಲ್ಲಿಗೂ ಹೋಗುವಂತಿರಲಿಲ್ಲ. ಆಗ ಅಲ್ಲಿಯ ಮಿಶನರಿಗಳಾದ ರಾಲ್ಫ್ ವಿಂಟರ್, ಜೇಮ್ಸ್ ಎಮರಿ, ಅನಂತರ ಬಂದು ಸೇರಿದ ರಾಸ್ ಕಿನ್ಸ್ಲರ್ ಇವರು ಪ್ರಯಾಣದ ಕಷ್ಟವನ್ನು ಶಿಷ್ಯನ ಹೆಗಲಿನಿಂದ ಗುರುವಿನ ಹೆಗಲಿಗೆ ವರ್ಗಾಯಿಸಿದರು. ವಿದ್ಯಾರ್ಥಿಯು ಸ್ವಯಂಬೋಧಕ ಪಾಠಪುಸ್ತಕಗಳನ್ನು ಮನೆಯಲ್ಲಿ ಪ್ರತಿದಿನ ಓದುವುದು. ವಾರಕ್ಕೊಮ್ಮೆ ಸಮೀಪದ ಕೇಂದ್ರಕ್ಕೆ ಬಂದು, ಸಂಚಾರದಲ್ಲಿರುವ ಅಧ್ಯಾಪಕನೊಡನೆಯೂ ಸಹಪಾಠಿಗಳೊಡನೆಯೂ ಚರ್ಚಿಸುವುದು. ಕಲಿತದ್ದನ್ನು ತನ್ನ ಸಭೆಯಲ್ಲಿ ಆಚರಣೆಗೆ ತರುವುದು. ಪ್ರಾಥಮಿಕ ಶಾಲೆ ಮುಗಿಸಿದವನಿಗೂ ವಿಶ್ವವಿದ್ಯಾಲಯದಲ್ಲಿ ಓದಿದವನಿಗೂ ಅವರವರ ಯೋಗ್ಯತೆಗೆ ತಕ್ಕ ಮಟ್ಟಗಳಿದ್ದುವು. ಪಾಲನಾಸೇವೆಯ ಅಭಿಷೇಕಕ್ಕೆ ಅನುಭವವೂ ಶಿಕ್ಷಣವೂ ಒಬ್ಬನಲ್ಲಿಯೇ ಸಂಗಮಿಸಬೇಕೆಂಬುದು ಇದರ ಮರ್ಮ.

1967ರಲ್ಲಿ ಕೊಲಂಬಿಯದ ಅರ್ಮೇನಿಯ ನಗರದಲ್ಲಿ ಸೇರಿದ ಸಮ್ಮೇಳನದಿಂದಲೂ, 1969ರಲ್ಲಿ ವಿಂಟರ್ ಸಂಪಾದಿಸಿದ ಬೃಹದ್ಗ್ರಂಥದಿಂದಲೂ ಪದ್ಧತಿಯ ಕೀರ್ತಿ ಹಬ್ಬಿತು. ಶಿಕ್ಷಣತಜ್ಞ ಟೆಡ್ ವಾರ್ಡ್ ಇದನ್ನು ಮರದ ಬೇಲಿಗೆ ಹೋಲಿಸಿದನು: ಓದು ಒಂದು ಅಡ್ಡಪಟ್ಟಿ, ಸೇವೆ ಇನ್ನೊಂದು, ಇವೆರಡನ್ನೂ ಬಿಗಿಹಿಡಿದು ನಿಲ್ಲಿಸುವ ಗೂಟಗಳೇ ವಾರದ ಚರ್ಚಾಕೂಟಗಳು. ಗೂಟ ಸಡಿಲಿದ ಕಡೆಗಳಲ್ಲೆಲ್ಲ ಇದು ಬರಿಯ ಅಂಚೆಪಾಠವಾಗಿ ಇಳಿದುಹೋಯಿತು.

ಭಾರತದಲ್ಲಿ ಈ ಕಾರ್ಯಕ್ಕಾಗಿ 1971ರಲ್ಲಿ ಸ್ಥಾಪಿತವಾದ ಟಾಫ್ಟೀ (ವಿಸ್ತರಣಾ ದೇವಜ್ಞಾನಶಿಕ್ಷಣ ಸಂಘ ಎಂಬುದರ ಇಂಗ್ಲಿಷ್ ಹೆಸರಿನ ಹ್ರಸ್ವರೂಪ) ಸಂಸ್ಥೆಗೆ ಬೆಂಗಳೂರೇ ಕೇಂದ್ರ. ಇಂಗ್ಲಿಷಿನಲ್ಲಿ ಆರಂಭವಾದ ಅದರ ಪಾಠಗಳು ಬಳಿಕ ದೇಶಭಾಷೆಗಳಿಗೂ ಇಳಿದುವು.

ಆಕ್ಷೇಪಣೆಗಳೂ ಬೇಗನೆ ತಲೆಯೆತ್ತಿದುವು. ಪ್ರಶ್ನೆಯನ್ನೂ ಉತ್ತರವನ್ನೂ ಸಣ್ಣ ಸಣ್ಣ ತುಣುಕುಗಳಾಗಿ ಕತ್ತರಿಸಿಡುವ ಪಾಠಪುಸ್ತಕದ ಕ್ರಮವು ಬಿ. ಎಫ್. ಸ್ಕಿನ್ನರನ ಮನಶ್ಶಾಸ್ತ್ರದಿಂದ ಎರವಲು ತಂದುದು. ಅದು ಸ್ಮರಣೆಯನ್ನು ಬೆಳೆಸಿದಷ್ಟು ವಿಮರ್ಶೆಯನ್ನು ಬೆಳೆಸಲಾರದೆಂದು ಬ್ರೆಜಿಲಿನ ಶಿಕ್ಷಣಚಿಂತಕ ಪಾವ್ಲೊ ಫ್ರೇರೆಯ ವಿಚಾರಗಳಿಗೆ ಒಲಿದವರು ದೂರಿದರು. ಈ ದೂರಿನಲ್ಲಿ ಹುರುಳಿಲ್ಲದೆ ಇಲ್ಲ. ಹೊಲದಲ್ಲಿ ದುಡಿದು ಬಂದವನು ದೀಪದ ಬೆಳಕಿನಲ್ಲಿ ಒಬ್ಬಂಟಿಯಾಗಿ ಎಷ್ಟು ಓದಿಯಾನು? ಗ್ರಂಥಾಲಯದ ಸಹವಾಸವಾಗಲಿ, ಗುರುಶಿಷ್ಯರು ಒಂದೇ ಪಂಕ್ತಿಯಲ್ಲಿ ಉಣ್ಣುವುದರಿಂದ ಬರುವ ಸಂಸ್ಕಾರವಾಗಲಿ ಅವನಿಗೆ ದಕ್ಕುತ್ತಿರಲಿಲ್ಲ. ಅನೇಕ ಸಭೆಗಳು ಈ ಮಾರ್ಗದಲ್ಲಿ ಕಲಿತವರನ್ನು ಎರಡನೆಯ ದರ್ಜೆಯವರೆಂದೇ ಎಣಿಸಿದುವು. ಇದಕ್ಕೆ ಉತ್ತರವಾಗಿ ಕೆಲವು ವಿದ್ಯಾಲಯಗಳು ಅಲ್ಪಕಾಲದ ನಿವಾಸವನ್ನೂ ಮನೆಯ ವ್ಯಾಸಂಗವನ್ನೂ ಬೆಸೆದುವು. ಈಚೆಗೆ ಗಣಕಯಂತ್ರದ ಮೂಲಕ ನಡೆಯುವ ತರಗತಿಗಳೂ ಅದೇ ಜಾಡಿನವು.

ಪಾಲಕರ ಅಭಾವವನ್ನು ನೀಗಲೆಂದು ಹುಟ್ಟಿದ ಈ ಪದ್ಧತಿಗೆ ಪಾಲಕರಾಗಲು ಬಯಸದವರೇ ಹಲವೆಡೆ ಹೆಚ್ಚಾಗಿ ಒದಗಿದರು. ಕಚೇರಿಯ ಗುಮಾಸ್ತರು, ಶಾಲೆಯ ಉಪಾಧ್ಯಾಯಿನಿಯರು, ಸೆಮಿನರಿಯ ಬಾಗಿಲು ತಮಗೆ ಮುಚ್ಚಿದ್ದ ಕಾಲದ ಗೃಹಿಣಿಯರು, ಅಭಿಷೇಕದ ಹಂಬಲವಿಲ್ಲದೆ, ಸಂಜೆಯ ಹೊತ್ತು ಪುಸ್ತಕ ಹಿಡಿದು ಬಂದು ಕುಳಿತರು.