ಕಾಮನ್-ಲಾ ಸಂಗಾತಿಯ ಪ್ರಾಯೋಜಕತ್ವ (ಕೆನಡಾ)

ಮದುವೆಯಾಗದೆ ಕನಿಷ್ಠ ಒಂದು ವರ್ಷ ಒಟ್ಟಿಗೆ ಸಂಸಾರ ಮಾಡಿದ ಸಂಗಾತಿಗೆ ಕಾಯಂ ವಾಸದ ಹಕ್ಕು ಕೊಡಿಸಲು ಕೆನಡಾದ ಪ್ರಜೆಯೋ ಕಾಯಂ ನಿವಾಸಿಯೋ ಸಲ್ಲಿಸುವ ಅರ್ಜಿ. ಬಳಕೆಯ ಮಾತಿನಲ್ಲಿ ‘ಸ್ಪಾನ್ಸರ್ ಮಾಡುವುದು’. ಇದರ ಈಗಿನ ರೂಪಕ್ಕೆ ಆಧಾರ 2002ರ ಜೂನ್ 28ರಂದು ಜಾರಿಗೆ ಬಂದ ವಲಸೆ ಮತ್ತು ನಿರಾಶ್ರಿತರ ರಕ್ಷಣಾ ಕಾಯ್ದೆ. ಮದುವೆಯಾದವರು ವಿವಾಹ ಪ್ರಮಾಣಪತ್ರವೊಂದರಿಂದ ಶುರು ಮಾಡಿದರೆ, ಇವರು ಸಂಬಂಧವಿದೆ ಎಂಬುದನ್ನೇ ದಿನನಿತ್ಯದ ಕಾಗದಪತ್ರಗಳಿಂದ ಸ್ಥಾಪಿಸಬೇಕು. ಈ ಅರ್ಜಿಯ ಇತಿಹಾಸ ಬಹುಪಾಲು ಆ ಪುರಾವೆಯ ಇತಿಹಾಸವೇ.

1952ರ ವಲಸೆ ಕಾಯ್ದೆ ಸಲಿಂಗಿಗಳ ಪ್ರವೇಶವನ್ನೇ ನಿಷೇಧಿಸಿತ್ತು. 1976ರಲ್ಲಿ ಅಂಗೀಕಾರವಾಗಿ 1978ರಲ್ಲಿ ಜಾರಿಯಾದ ಕಾಯ್ದೆ ಆ ನಿಷೇಧವನ್ನು ಕೈಬಿಟ್ಟು, ‘ಕುಟುಂಬ ವರ್ಗ’ವನ್ನು ರೂಪಿಸಿತು. ಆದರೆ ಗಂಡ, ಹೆಂಡತಿ, ಮದುವೆ ನಿಶ್ಚಯವಾದವರಿಗೆ ಅದರಲ್ಲಿ ಸಿಕ್ಕ ಜಾಗ ಮದುವೆಯಿಲ್ಲದೆ ಕೂಡಿ ಬಾಳುವವರಿಗೆ ಸಿಗಲಿಲ್ಲ. ಅವರಿಗೆ ಉಳಿದದ್ದು ಮಾನವೀಯ ನೆಲೆಯಲ್ಲಿ ಅಧಿಕಾರಿಯ ದಯೆ ಕೋರುವ ದಾರಿ.

ಈ ದಾರಿ ಸಾಲದು ಎಂದು ಗಟ್ಟಿಯಾಗಿ ಹೇಳಿದವರಲ್ಲಿ ವ್ಯಾಂಕೂವರ್‌ನ ಕ್ರಿಸ್ಟೀನ್ ಮೊರಿಸ್ಸೆ ಪ್ರಮುಖರು. ಹಿಂದೆ ಕ್ರೈಸ್ತ ಸನ್ಯಾಸಿನಿಯಾಗಿದ್ದ ಆಕೆ ತಮ್ಮ ಸಂಗಾತಿಯನ್ನು ಕುಟುಂಬದವರೆಂದೇ ಪರಿಗಣಿಸಬೇಕೆಂದು 1992ರಲ್ಲಿ ಸರ್ಕಾರದ ವಿರುದ್ಧ ಮೊಕದ್ದಮೆ ಹೂಡಿದರು. ಸರ್ಕಾರ ಆ ಸಂಗಾತಿಗೆ ಕುಟುಂಬ ವರ್ಗದಲ್ಲಲ್ಲ, ಸ್ವತಂತ್ರ ವರ್ಗದಲ್ಲಿ ಕಾಯಂ ವಾಸ ಕೊಟ್ಟಿತು. ಮೊಕದ್ದಮೆಗೆ ವಿಷಯವೇ ಇಲ್ಲವಾಯಿತು, ಕಾನೂನು ಇದ್ದಲ್ಲೇ ಇತ್ತು. ಬದಲಾವಣೆಗೆ ದಾರಿ ತೆರೆದದ್ದು ವಲಸೆಗೆ ಸಂಬಂಧವೇ ಇಲ್ಲದ ತೀರ್ಪುಗಳು. 1995ರ ಮಿರಾನ್-ಟ್ರುಡೆಲ್ ಪ್ರಕರಣ ವಾಹನ ವಿಮೆಯದು. ಮದುವೆಯಾಗಿಲ್ಲ ಎಂಬ ಕಾರಣಕ್ಕೆ ಭೇದ ಮಾಡುವುದು ಸಮಾನತೆಯ ಹಕ್ಕಿಗೆ ವಿರುದ್ಧವೆಂದು ಸುಪ್ರೀಂ ಕೋರ್ಟ್ ಹೇಳಿತು. 1999ರ ‘ಎಂ. ವರ್ಸಸ್ ಎಚ್.’ ಜೀವನಾಂಶದ ಪ್ರಕರಣ. ಅದರಲ್ಲಿ ಕೋರ್ಟ್ ಸಲಿಂಗಿ ಜೋಡಿಗಳನ್ನು ಹೊರಗಿಡುವಂತಿಲ್ಲ ಎಂದಿತು. ಮರುವರ್ಷ ಸಂಸತ್ತು ಹತ್ತಾರು ಕೇಂದ್ರ ಕಾನೂನುಗಳಲ್ಲಿ, ಲಿಂಗಭೇದವಿಲ್ಲದೆ, ಒಂದು ವರ್ಷದ ಸಹಬಾಳ್ವೆಯ ಅಳತೆಯನ್ನು ಸೇರಿಸಿತು. 2002ರಲ್ಲಿ ವಲಸೆ ನಿಯಮಗಳಿಗೂ ಬಂದದ್ದು ಅದೇ ಅಳತೆ. ವಲಸೆಯ ಅಡ್ಡಿಯಂಥ ಕಾರಣಗಳಿಂದ ಒಂದೇ ಸೂರಿನಡಿ ಇರಲಾಗದೆ ಹೋದವರಿಗೆ ‘ಕಾಂಜುಗಲ್ ಸಂಗಾತಿ’ ಎಂಬ ಪ್ರತ್ಯೇಕ ವರ್ಗವೂ ಆಗಲೇ ಹುಟ್ಟಿತು.

ಸಂಸಾರವೆಂದರೆ ಏನು ಎಂಬುದಕ್ಕೆ ಒಂಟಾರಿಯೋದ ನ್ಯಾಯಾಲಯವೊಂದು 1980ರ ಮೊಲೊಡೊವಿಚ್ ಪ್ರಕರಣದಲ್ಲಿ ಕೆಲವು ಗುರುತುಗಳನ್ನು ಪಟ್ಟಿ ಮಾಡಿತ್ತು: ಒಂದೇ ಸೂರು, ದೈಹಿಕ ಮತ್ತು ವೈಯಕ್ತಿಕ ನಡವಳಿಕೆ, ಮನೆಗೆಲಸದ ಹಂಚಿಕೆ, ಒಟ್ಟಾಗಿ ನಾಲ್ಕು ಜನರಲ್ಲಿ ಬೆರೆಯುವುದು, ಸಮಾಜ ಅವರನ್ನು ಕಾಣುವ ಬಗೆ, ಹಣಕಾಸಿನ ಆಸರೆ, ಮಕ್ಕಳು. ಇಂದಿನ ಫಾರಂಗಳನ್ನು ಓದಿದರೆ ಈ ಪಟ್ಟಿಯೇ ಪ್ರಶ್ನೆಗಳಾಗಿ ಎದುರು ನಿಲ್ಲುತ್ತದೆ. ಐಎಂಎಂ 5532 ಎಂಬ ಫಾರಂ ಇಬ್ಬರೂ ಮೊದಲು ಭೇಟಿಯಾದದ್ದು ಎಲ್ಲಿ, ಒಟ್ಟಿಗೆ ಇರತೊಡಗಿದ್ದು ಯಾವಾಗ, ಮನೆಯವರಿಗೆ ವಿಷಯ ಗೊತ್ತೇ ಎಂದೆಲ್ಲ ಕೇಳುತ್ತದೆ. ಐಎಂಎಂ 5409 ಒಂದು ಅಫಿಡವಿಟ್. ಇಬ್ಬರೂ ನೋಟರಿಯ ಮುಂದೆ ಪ್ರಮಾಣ ಮಾಡಿ ಸಹಿ ಹಾಕಬೇಕು. ಜೊತೆಗೆ ಇಬ್ಬರ ಹೆಸರಿನ ಬಾಡಿಗೆ ಕರಾರು, ಜಂಟಿ ಬ್ಯಾಂಕ್ ಖಾತೆ, ಒಂದೇ ವಿಳಾಸಕ್ಕೆ ಬಂದ ಕರೆಂಟ್ ಬಿಲ್ಲುಗಳು. ಐಎಂಎಂ 1344ರಲ್ಲಿ ಇರುವುದು ಹೊಣೆಗಾರಿಕೆಯ ಮುಚ್ಚಳಿಕೆ: ಸಂಗಾತಿ ಕಾಯಂ ನಿವಾಸಿಯಾದಂದಿನಿಂದ 3 ವರ್ಷ ಅವರ ಮೂಲ ಅಗತ್ಯಗಳಿಗೆ ಪ್ರಾಯೋಜಕರೇ ಜವಾಬ್ದಾರರು. ನಡುವೆ ಇಬ್ಬರೂ ಬೇರೆಯಾದರೂ ಅದು ತೀರುವುದಿಲ್ಲ. 2002ಕ್ಕೆ ಮೊದಲು ಗಂಡ-ಹೆಂಡಿರ ಮಟ್ಟಿಗೆ ಈ ಅವಧಿ 10 ವರ್ಷವಿತ್ತು.

ನಂತರದ ದಶಕದಲ್ಲಿ ಸಂಶಯದ್ದೇ ಮೇಲುಗೈ. 2010ರ ಸೆಪ್ಟೆಂಬರ್‌ನ ತಿದ್ದುಪಡಿಯಿಂದ, ಸಂಬಂಧ ಈಗ ನಿಜವಾಗಿದ್ದರೂ ಶುರುವಿನ ಮುಖ್ಯ ಉದ್ದೇಶ ವಲಸೆಯಾಗಿತ್ತೆಂದು ಕಂಡರೆ ಅರ್ಜಿ ತಿರಸ್ಕರಿಸಬಹುದಾಯಿತು. 2012ರ ಮಾರ್ಚ್‌ನಿಂದ, ಸಂಗಾತಿಯಾಗಿ ಸ್ಪಾನ್ಸರ್ ಆಗಿ ಬಂದವರು 5 ವರ್ಷ ಮತ್ತೊಬ್ಬ ಸಂಗಾತಿಯನ್ನು ಸ್ಪಾನ್ಸರ್ ಮಾಡುವಂತಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ಷರತ್ತು ಎಲ್ಲಕ್ಕಿಂತ ಕಠೋರ: ಮಕ್ಕಳಿಲ್ಲದ, 2 ವರ್ಷ ಮೀರದ ಸಂಬಂಧವಾದರೆ, ಬಂದ ಮೇಲೆ 2 ವರ್ಷ ಜೊತೆಗೇ ಬಾಳಬೇಕು, ಇಲ್ಲವಾದರೆ ವಾಸದ ಹಕ್ಕೇ ಹೋಗಬಹುದು. ದೌರ್ಜನ್ಯಕ್ಕೊಳಗಾದವರಿಗೆ ವಿನಾಯಿತಿ ಇತ್ತು. ಆದರೆ ಹೊಸ ದೇಶದಲ್ಲಿ ಯಾರ ಆಸರೆಯೂ ಇಲ್ಲದ ಹೆಣ್ಣು ಅದನ್ನು ಸಾಬೀತು ಮಾಡುವುದು ಹೇಗೆ? ಈ ಷರತ್ತು ಬರಲೇಬಾರದಿತ್ತು. 2017ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು.

ಸಂಸಾರವೆಂದರೆ ಏನು ಎಂಬ ಪ್ರಶ್ನೆಯನ್ನು ಭಾರತದ ಕಾನೂನೂ ಎದುರಿಸಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ‘ಮದುವೆಯ ಸ್ವರೂಪದ ಸಂಬಂಧ’ವನ್ನು ಒಪ್ಪಿತು. ಬೆಂಗಳೂರಿನಲ್ಲಿ ಶುರುವಾದ ಪ್ರಕರಣವೊಂದರಲ್ಲಿ 2013ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಕೂಡಿ ಬಾಳಿದ ಅವಧಿ, ಒಂದೇ ಮನೆ, ಹಣಕಾಸಿನ ಹಂಚಿಕೆ, ಸಮಾಜದಲ್ಲಿ ಕಾಣಿಸಿಕೊಳ್ಳುವ ರೀತಿ ಮುಂತಾದವನ್ನು ಅಳತೆಗೋಲಾಗಿ ಹೇಳಿತು. ಒಂಟಾರಿಯೋದ ಪಟ್ಟಿಗೆ ಇದು ಬಹಳ ಹತ್ತಿರ. ಆದರೆ ಮದುವೆಯಾಗದ ಜೋಡಿಗೆ ಮನೆ ಕೊಡಲು ಮಾಲೀಕರು ಹಿಂಜರಿಯುವ ಊರಿನಲ್ಲಿ, ಕೆನಡಾದ ಅರ್ಜಿಗೆ ಬೇಕಾದ ಇಬ್ಬರ ಹೆಸರಿನ ಬಾಡಿಗೆ ಕರಾರು ಸುಲಭವಾಗಿ ಹುಟ್ಟುವುದಿಲ್ಲ. ಹೆತ್ತವರಿಂದ ಮುಚ್ಚಿಟ್ಟ ಸಂಬಂಧಕ್ಕೆ ಪುರಾವೆಯಾಗಿ ಮನೆಯವರ ಪತ್ರವೂ ಸಿಗುವುದಿಲ್ಲ.

ಮುಚ್ಚಿಟ್ಟದ್ದು ಬಹಳ ದುಬಾರಿಯಾಗುವುದು ವಲಸೆ ನಿಯಮ 117(9)(ಡಿ)ಯಿಂದ. ಪ್ರಾಯೋಜಕರು ತಾವು ಕಾಯಂ ನಿವಾಸಿಯಾಗುವಾಗ ತಮ್ಮ ಅರ್ಜಿಯಲ್ಲಿ ಸಂಗಾತಿಯನ್ನು ಹೆಸರಿಸದೆ, ಹಾಗಾಗಿ ಅವರ ತಪಾಸಣೆಯೂ ನಡೆಯದೆ ಹೋಗಿದ್ದರೆ, ಮುಂದೆ ಅವರನ್ನು ಕುಟುಂಬ ವರ್ಗದಲ್ಲಿ ಕರೆಸಿಕೊಳ್ಳಲು ಆಗದು. ಕೂಡಿ ಬಾಳುತ್ತಿದ್ದರೂ ಮದುವೆಯಾಗಿಲ್ಲವೆಂದು ‘ಅವಿವಾಹಿತ’ ಎಂದು ತುಂಬಿದವರೂ ಈ ನಿಯಮಕ್ಕೆ ಸಿಕ್ಕಿಬೀಳುತ್ತಾರೆ. 2019ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪ್ರಾಯೋಗಿಕ ನೀತಿ ನಿರಾಶ್ರಿತರಾಗಿ ಬಂದವರಿಗೂ, ಸ್ವತಃ ಸಂಗಾತಿಯೋ ಮಗುವೋ ಆಗಿ ಸ್ಪಾನ್ಸರ್ ಆಗಿ ಬಂದವರಿಗೂ ರಿಯಾಯಿತಿ ಕೊಟ್ಟಿತು. ನುರಿತ ಕೆಲಸಗಾರರಾಗಿ ಬಂದವರು, ಅಂದರೆ ಬೆಂಗಳೂರಿನ ಐ.ಟಿ. ಉದ್ಯೋಗಿಗಳಂಥವರು, ಅದರ ವ್ಯಾಪ್ತಿಗೆ ಬರಲಿಲ್ಲ. ಅವರಿಗಿರುವುದು 1978ರಲ್ಲಿದ್ದಂತೆಯೇ ಮಾನವೀಯ ನೆಲೆಯ ಮನವಿ.