ಹನ್ನೆರಡು ಸೆಕೆಂಡಿನ ಬೆಂಕಿ

ಸೋಫಾ, ಹಾಸಿಗೆ, ಆಫೀಸಿನ ಕುರ್ಚಿ... ಇವುಗಳ ಒಳಗೆ ಸಾಮಾನ್ಯವಾಗಿ ಇರೋದು ಒಂದೇ ವಸ್ತು, ಪಾಲಿಯುರೆಥೇನ್ ಫೋಮ್. ಇದರ ರಸಾಯನಶಾಸ್ತ್ರ ಜರ್ಮನಿಯ ಒಟ್ಟೊ ಬಾಯರ್ 1937ರಲ್ಲಿ ಕಂಡುಕೊಂಡದ್ದು. ಮೆತ್ತನೆಯ ಫೋಮ್ ಮಾರುಕಟ್ಟೆಗೆ ಬಂದದ್ದು 1950ರ ದಶಕದಲ್ಲಿ. ಹಗುರ, ಅಗ್ಗ, ಕೂತರೆ ಆರಾಮ. ಇನ್ನೇನು ಬೇಕು?

ತೊಂದರೆ ಇದ್ದದ್ದು ಅದು ಉರಿಯುವ ರೀತಿಯಲ್ಲಿ. ಬಿಸಿ ತಾಗಿದ ಕೂಡಲೇ ಫೋಮ್ ಕುಸಿಯುತ್ತದೆ. ಅದರ ಒಂದು ಭಾಗ ಹಳದಿ ಹೊಗೆಯಾಗಿ ಮೇಲೇಳುತ್ತದೆ, ಉಳಿದದ್ದು ಕರಗಿ ತೊಟ್ಟಿಕ್ಕಿ ಸೋಫಾದ ಕೆಳಗೆ ಮಡುಗಟ್ಟಿ ಉರಿಯುತ್ತದೆ. ಅಂದ್ರೆ ಇದು ಕಟ್ಟಿಗೆ ಉರಿದ ಹಾಗಲ್ಲ, ಎಣ್ಣೆ ಉರಿದ ಹಾಗೆ. 1979ರ ಮೇ 8ರಂದು ಮ್ಯಾಂಚೆಸ್ಟರ್‌ನ ವೂಲ್‌ವರ್ತ್ಸ್ ಅಂಗಡಿಯಲ್ಲಿ ಪೇರಿಸಿಟ್ಟಿದ್ದ ಫೋಮ್ ಪೀಠೋಪಕರಣಗಳಿಗೆ ಬೆಂಕಿ ಹತ್ತಿ 10 ಜನ ಸತ್ತರು. ಬ್ರಿಟನ್ 1988ರಲ್ಲಿ ಕಟ್ಟುನಿಟ್ಟಿನ ನಿಯಮ ತಂದಿತು.

ಕ್ಯಾಲಿಫೋರ್ನಿಯಾ ಅದಕ್ಕೂ ಮೊದಲೇ, 1975ರಲ್ಲಿ, ಟಿಬಿ 117 ಅನ್ನೋ ಪರೀಕ್ಷೆ ಜಾರಿಗೊಳಿಸಿತ್ತು. ಬರೀ ಫೋಮ್ ತುಂಡಿಗೆ 12 ಸೆಕೆಂಡು ಸಣ್ಣ ಜ್ವಾಲೆ ಹಿಡಿಯಬೇಕು, ಬೆಂಕಿ ಹೆಚ್ಚು ಹರಡಬಾರದು. ಪಾಸಾಗೋಕೆ ಕಂಪನಿಗಳಿಗೆ ಸುಲಭದ ದಾರಿ ಸಿಕ್ತು: ಫೋಮಿಗೆ ಬೆಂಕಿ ತಡೆಯುವ ರಾಸಾಯನಿಕ ಬೆರೆಸೋದು. ಒಂದು ರಾಜ್ಯಕ್ಕಾಗಿ ಬೇರೆ ಸೋಫಾ ಯಾರು ಮಾಡ್ತಾರೆ? ಅಮೆರಿಕದ ಉಳಿದ ಕಡೆಯ ಎಷ್ಟೋ ಮನೆಗಳಿಗೂ ಅದೇ ಫೋಮ್ ಹೋಯಿತು.

ಆದರೆ ಮನೆಯಲ್ಲಿ ಯಾರೂ ಬರೀ ಫೋಮ್ ಮೇಲೆ ಕೂರೋದಿಲ್ಲವಲ್ಲ. ಮೊದಲು ಹತ್ತಿಕೊಳ್ಳೋದು ಮೇಲಿನ ಬಟ್ಟೆ. ಒಳಗಿನ ಫೋಮಿಗೆ ತಾಗುವಷ್ಟರಲ್ಲಿ ಆ ಜ್ವಾಲೆ ಪರೀಕ್ಷೆಯ ಜ್ವಾಲೆಗಿಂತ ಎಷ್ಟೋ ದೊಡ್ಡದಾಗಿರುತ್ತದೆ.

ಬೆಂಕಿಯನ್ನು ನಿಜಕ್ಕೂ ಅಳೆಯುವ ದಾರಿ 1980ರ ದಶಕದಲ್ಲಿ ತೆರೆಯಿತು. ಏನೇ ಉರಿಯಲಿ, ಒಂದು ಕಿಲೋ ಆಮ್ಲಜನಕ ಖರ್ಚಾದರೆ ಹೊಮ್ಮುವ ಶಾಖ ಹೆಚ್ಚುಕಡಿಮೆ 13.1 ಮೆಗಾಜೌಲ್ ಅಂತ 1980ರಲ್ಲಿ ಹಗೆಟ್ ತೋರಿಸಿದ. ಇದೇ ಸೂತ್ರದ ಮೇಲೆ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ವೈಟೆನಿಸ್ ಬಾಬ್ರಾಸ್ಕಸ್ 1982ರಲ್ಲಿ ಕೋನ್ ಕ್ಯಾಲೊರಿಮೀಟರ್ ರೂಪಿಸಿದರು. ಹತ್ತು ಸೆಂಟಿಮೀಟರ್ ಚೌಕದ ತುಂಡನ್ನು ಶಂಕುವಿನಾಕಾರದ ಹೀಟರ್ ಕೆಳಗಿಟ್ಟು, ಹೊಗೆಯಲ್ಲಿ ಎಷ್ಟು ಆಮ್ಲಜನಕ ಕಡಿಮೆಯಾಗಿದೆ ಅಂತ ನೋಡಿದರೆ ಆಯ್ತು, ಬೆಂಕಿ ಕ್ಷಣಕ್ಷಣಕ್ಕೆ ಎಷ್ಟು ಶಾಖ ಬಿಡುತ್ತಿದೆ ಅನ್ನೋ ಲೆಕ್ಕ ಸಿಗುತ್ತದೆ. ಪ್ರಾಣ ತೆಗೆಯುವಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಈ ವೇಗವೇ ಅಂತ 1992ರಲ್ಲಿ ಬಾಬ್ರಾಸ್ಕಸ್ ಮತ್ತು ಪೀಕಾಕ್ ವಾದಿಸಿದರು. ಜ್ವಾಲೆ ತೆಗೆದ ಮೇಲೆ ತುಂಡು ಆರಿತೋ ಇಲ್ಲವೋ ಅನ್ನೋದು ಆ ವೇಗದ ಬಗ್ಗೆ ಏನೂ ಹೇಳೋದಿಲ್ಲ.

ಅಷ್ಟರಲ್ಲಿ ಫೋಮಿನ ರಾಸಾಯನಿಕ ಮನೆಯ ಧೂಳಿಗೆ ಇಳಿದು, ತಾಯಿಯ ಹಾಲಿನಲ್ಲೂ ಪತ್ತೆಯಾಗಿತ್ತು. ಹೆಚ್ಚು ಬಳಕೆಯಲ್ಲಿದ್ದ ಪೆಂಟಾಬಿಡಿಇ ತಯಾರಿಕೆ ಅಮೆರಿಕದಲ್ಲಿ 2004ರ ಕೊನೆಗೆ ನಿಂತಿತು. ಅದರ ಜಾಗಕ್ಕೆ ಬೇರೆ ರಾಸಾಯನಿಕಗಳು ಬಂದವು, ಯಾಕಂದ್ರೆ ಪರೀಕ್ಷೆ ಹಾಗೇ ಇತ್ತು. ಕೊನೆಗೂ 2013ರಲ್ಲಿ ಕ್ಯಾಲಿಫೋರ್ನಿಯಾ ಪರೀಕ್ಷೆಯನ್ನೇ ಬದಲಿಸಿತು. ಈಗ ನೋಡೋದು, ಸಿಗರೇಟಿನ ಕೆಂಡಕ್ಕೆ ಬಟ್ಟೆ ಮತ್ತು ಒಳತುಂಬು ಹೇಗೆ ತಡೆದುಕೊಳ್ಳುತ್ತವೆ ಅನ್ನೋದನ್ನು. ಅದಕ್ಕೆ ಆ ರಾಸಾಯನಿಕ ಬೇಕಾಗಿಲ್ಲ.

ಅಮೆರಿಕದಲ್ಲಿದ್ದು ಹಳೇ ಸೋಫಾ ಕೊಳ್ಳೋ ಯೋಚನೆ ಇದ್ದರೆ, ಮೊದಲು ಅದನ್ನು ತಿರುಗಿಸಿ ಚೀಟಿ ನೋಡಿ. ಬರೀ ‘ಟಿಬಿ 117’ ಅಂತಿದ್ದರೆ ಅದು ಹನ್ನೆರಡು ಸೆಕೆಂಡಿನ ಕಾಲದ್ದು. ಮುಂದೆ ‘2013’ ಅಂತಿದ್ದರೆ, ಒಳಗೆ ರಾಸಾಯನಿಕ ಸೇರಿಸಿದ್ದಾರೋ ಇಲ್ಲವೋ ಅನ್ನೋದನ್ನೂ ಅದೇ ಚೀಟಿಯಲ್ಲಿ ಹುಡುಕಿ.