ಕಾರಾಪುರದ ಮಾವುತನ ಮಗ

ಕಬಿನಿ ತೀರದ ಕಾರಾಪುರಕ್ಕೆ ಇಂದು ಜನ ಹೋಗುವುದು ಹುಲಿ, ಆನೆ ನೋಡಲು. 1924ರಲ್ಲಿ ಅಲ್ಲಿ ಹುಟ್ಟಿದ ಮುಸ್ಲಿಮ್ ಹುಡುಗನೊಬ್ಬ ಹಾಲಿವುಡ್‌ನ ತಾರೆಯಾದದ್ದನ್ನು ಅವರಲ್ಲಿ ಎಷ್ಟು ಮಂದಿ ಬಲ್ಲರು? ನಮ್ಮ ಚಲನಚಿತ್ರ ಚರಿತ್ರೆಯ ಪುಸ್ತಕಗಳಲ್ಲೂ ಸಾಬುವಿಗೆ ಸಿಕ್ಕಿರುವ ಜಾಗ ತೀರಾ ಕಡಿಮೆ.

ಸಾಬುವಿನ ತಂದೆ ಮೈಸೂರು ಮಹಾರಾಜರ ಆನೆಗಳ ಮಾವುತ. ತಂದೆ ತೀರಿಕೊಂಡ ಬಳಿಕ ಅರಮನೆಯ ಆನೆಲಾಯವೇ ಹುಡುಗನ ಮನೆಯಾಯಿತು. 1935ರಲ್ಲಿ ರಾಬರ್ಟ್ ಫ್ಲಾಹರ್ಟಿಯ ತಂಡ ಕಿಪ್ಲಿಂಗನ ಕಥೆಯೊಂದನ್ನು ಚಿತ್ರೀಕರಿಸಲು ಮೈಸೂರಿಗೆ ಬಂದಾಗ ಛಾಯಾಗ್ರಾಹಕ ಬೊರಡೈಲ್‌ನ ಕಣ್ಣು ಅವನ ಮೇಲೆ ಬಿತ್ತು. 'ಎಲಿಫೆಂಟ್ ಬಾಯ್' 1937ರಲ್ಲಿ ತೆರೆಕಂಡು ವೆನಿಸ್‌ನಲ್ಲಿ ನಿರ್ದೇಶನದ ಪ್ರಶಸ್ತಿ ಗಳಿಸಿತು. ಅಷ್ಟರಲ್ಲಿ ಹುಡುಗ ಅಣ್ಣನೊಂದಿಗೆ ಇಂಗ್ಲೆಂಡಿಗೆ ಹೋಗಿಯಾಗಿತ್ತು.

ಮರುವರ್ಷದ 'ದಿ ಡ್ರಮ್' ನಮ್ಮನ್ನು ಯೋಚನೆಗೆ ಹಚ್ಚುತ್ತದೆ. ವಾಯವ್ಯ ಗಡಿಯಲ್ಲಿ ಬ್ರಿಟಿಷರಿಗೆ ನೆರವಾಗುವ ರಾಜಕುಮಾರನ ಪಾತ್ರ ಸಾಬುವಿನದು. ಒಳ್ಳೆಯ ಮುಸ್ಲಿಮನೆಂದರೆ ಬ್ರಿಟಿಷರ ಗೆಳೆಯ, ಕೆಟ್ಟವನೆಂದರೆ ಅವರ ವೈರಿ. ಚಿತ್ರದ ಲೆಕ್ಕ ಅಷ್ಟು ಸರಳ. ಮುಂಬಯಿ, ಮದ್ರಾಸುಗಳಲ್ಲಿ ಜನ ಅದರ ವಿರುದ್ಧ ಬೀದಿಗಿಳಿದರು. ಹದಿನಾಲ್ಕರ ಹುಡುಗನನ್ನು ಇದಕ್ಕಾಗಿ ದೂರುವುದು ತರವಲ್ಲ. ಕಥೆ ಬರೆದವರು ಬೇರೆ, ಹಣ ಹಾಕಿದವರು ಬೇರೆ.

'ಬಗ್ದಾದಿನ ಕಳ್ಳ' (1940) ಅವನ ಅತ್ಯುತ್ತಮ ಚಿತ್ರವೆಂದು ನಮ್ಮ ಅಭಿಪ್ರಾಯ. ಅದರಲ್ಲಿ ನಗುವ, ಮೋಸ ಮಾಡುವ, ಜಿನ್ನನ್ನೇ ಏಮಾರಿಸುವ ಅಬು ಅವನು. 1942ರಲ್ಲಿ ಮೌಗ್ಲಿಯೂ ಆದ.

ಆಗಿನ ಅಮೆರಿಕದ ಕಾನೂನು ಭಾರತೀಯರಿಗೆ ಸಾಮಾನ್ಯವಾಗಿ ಪೌರತ್ವ ಕೊಡುತ್ತಿರಲಿಲ್ಲ. ಆ ಬಾಗಿಲು ತೆರೆದದ್ದು 1946ರಲ್ಲಿ. ಸಾಬು 1944ರಲ್ಲೇ ಪೌರನಾಗಿ ವಾಯುಪಡೆ ಸೇರಿದ್ದ. ಪೆಸಿಫಿಕ್ ರಣರಂಗದಲ್ಲಿ ಬಿ-24 ಬಾಂಬರ್ ವಿಮಾನದ ಬಾಲದಲ್ಲಿ ಕುಳಿತು ಬಂದೂಕು ಹಿಡಿದ. ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದ. ಆನೆಯ ಬೆನ್ನಿನಿಂದ ವಿಮಾನದ ಬಾಲಕ್ಕೆ ಹತ್ತು ವರ್ಷವೂ ಹಿಡಿಯಲಿಲ್ಲ!

ಯುದ್ಧ ಮುಗಿದು ಮರಳಿದವನಿಗೆ 'ಬ್ಲ್ಯಾಕ್ ನಾರ್ಸಿಸಸ್' (1947) ಬಿಟ್ಟರೆ ಹೇಳಿಕೊಳ್ಳುವಂಥ ಪಾತ್ರ ಸಿಗಲಿಲ್ಲ. ಗಂಡಸಾಗಿ ಬೆಳೆದಿದ್ದರೂ ಹಾಲಿವುಡ್ಡಿಗೆ ಅವನು ಕಾಡಿನ ಹುಡುಗನೇ. ಪ್ರೇಮಿಯಾಗಿ, ವೈದ್ಯನಾಗಿ, ಗುಮಾಸ್ತನಾಗಿ ಕಂದು ಬಣ್ಣದವನೊಬ್ಬನನ್ನು ಊಹಿಸಲು ಆ ಉದ್ಯಮಕ್ಕೆ ಆಗಲಿಲ್ಲ. 1950ರ ದಶಕದ ಆರಂಭದಲ್ಲಿ ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆ ಆಡಿಸಿದ, ವ್ಯಾಪಾರಕ್ಕೂ ಕೈಹಾಕಿದ.

ತಾಯ್ನಾಡು ಒಮ್ಮೆ ಕರೆದದ್ದುಂಟು. ಮೆಹಬೂಬ್ ಖಾನ್ 'ಮದರ್ ಇಂಡಿಯಾ'ದ ಬಿರ್ಜು ಪಾತ್ರಕ್ಕೆ ಅವನನ್ನು ಆರಿಸಿದ್ದರು. ಆದರೆ ಅಮೆರಿಕದ ಪ್ರಜೆಗೆ ಇಲ್ಲಿ ದುಡಿಯಲು ಪರವಾನಗಿ ದೊರೆಯಲಿಲ್ಲ. ಬಿರ್ಜು ಸುನಿಲ್ ದತ್ತರ ಪಾಲಾದ. ಮೈಸೂರಿನಲ್ಲಿ ಹುಟ್ಟಿದವನು ಅಲ್ಲಿ ಭಾರತೀಯ, ಇಲ್ಲಿ ವಿದೇಶಿ.

1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದಲ್ಲಿ ಹೃದಯಾಘಾತದಿಂದ ಸಾಬು ತೀರಿಕೊಂಡ. ವಯಸ್ಸು 39. ಕೊನೆಯ ಚಿತ್ರ 'ಎ ಟೈಗರ್ ವಾಕ್ಸ್' ಮರುವರ್ಷ ತೆರೆಗೆ ಬಂತು.